ನಾಯಕನ ಹೊಟ್ಟೆಪಾಡು

ಈಚಿನ ದೊಡ್ಡ ಬಜೆಟ್ಟಿನ ಸಿನಿಮಾ ನೋಡುವಾಗ ನನಗೆ ಏಳುವ ಪ್ರಶ್ನೆ ತೀರಾ ಸಂಸಾರಸ್ಥರದು: ಈ ನಾಯಕ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ? ಎಂಟ್ರಿಗೆ ಸ್ಲೋಮೋಷನ್, ಪಕ್ಕದವರ ಬಾಯಲ್ಲಿ ಬಿಲ್ಡಪ್ಪು, ಕಿವಿಗಡಚಿಕ್ಕುವ ಹಿನ್ನೆಲೆ ಸಂಗೀತ. ಇಷ್ಟೆಲ್ಲ ಆದರೂ ಅವನ ಮನೆ ಬಾಡಿಗೆ ಯಾರು ಕಟ್ಟುತ್ತಾರೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ನಮ್ಮ ಉದಯಗಿರಿಯಲ್ಲಿ ಹೊಸಬರು ಸಿಕ್ಕರೆ ಹೆಸರಿನ ಬೆನ್ನಿಗೇ ಕೇಳುವುದು ‘ಏನ್ ಕೆಲ್ಸ?’ ಅಂತ. ಗಲ್ಲಿಯ ಹೆಂಗಸರು ಅಡುಗೆ ಮುಗಿಸಿ ಮಣೆ ಮುಂದೆ ಕೂತರೆಂದರೆ, ಇದ್ದಿಲ ಪುಡಿಗೆ ಜಿಗಟು ಬೆರೆಸಿ ಕಲಸಿದ ಹಿಟ್ಟನ್ನು ಬಿದಿರುಕಡ್ಡಿಗೆ ಹೊಸೆಯುತ್ತಾ ಹೋಗುತ್ತಾರೆ. ಊದುಬತ್ತಿಯ ಕೂಲಿ ಸಾವಿರದ ಲೆಕ್ಕ. ಎಷ್ಟು ತಿಕ್ಕಿ ತೊಳೆದರೂ ಅಂಗೈ ಕಪ್ಪು ಬಿಡುವುದಿಲ್ಲ. ಮೆಷಿನ್ ಬಂದ ಮೇಲೆ ಕೈಕೆಲಸವೂ ಕಡಿಮೆಯಾಗಿದೆ. ಒಳ್ಳೆಯ ಚಿತ್ರಕಥೆಗಾರನಿಗೆ ಇಂಟರ್ವಲ್‌ವರೆಗೆ ಇಷ್ಟು ಸಾಕು.

ಇದು ಕಲಾತ್ಮಕ ಚಿತ್ರಗಳ ಹುಚ್ಚಿನವನ ಹಟ ಅಂದುಕೊಳ್ಳಬೇಡಿ. 1971ರ ‘ಕಸ್ತೂರಿ ನಿವಾಸ’ ಪಕ್ಕಾ ಕಮರ್ಷಿಯಲ್ ಚಿತ್ರ. ದೊರೆ-ಭಗವಾನ್ ಜೋಡಿಯ ಆ ಚಿತ್ರದಲ್ಲಿ ರಾಜ್‌ಕುಮಾರ್ ಬೆಂಕಿಪೊಟ್ಟಣ ಕಾರ್ಖಾನೆಯ ಯಜಮಾನ. ಅಲ್ಲೇ ದುಡಿದ ಚಂದ್ರು ಹೊರಗೆ ಹೋಗಿ ಎದುರಾಳಿಯಾಗಿ ನಿಲ್ಲುತ್ತಾನೆ. ಯಜಮಾನನ ಕೊಡುಗೈ ಒಂದು ಕಡೆ, ವ್ಯಾಪಾರದ ಪೈಪೋಟಿ ಇನ್ನೊಂದು ಕಡೆ. ಎರಡೂ ಸೇರಿ ಅವನನ್ನು ಮುಗಿಸುತ್ತವೆ. ಕಾರ್ಖಾನೆ ಕಿತ್ತುಹಾಕಿದರೆ ಆ ಕಥೆಯಲ್ಲಿ ಕಣ್ಣೀರೂ ಉಳಿಯುವುದಿಲ್ಲ. ಮರುವರ್ಷ ‘ಬಂಗಾರದ ಮನುಷ್ಯ’ದ ರಾಜೀವ ಬರಡು ನೆಲದಲ್ಲಿ ಬೇಸಾಯ ಮಾಡಿದ್ದನ್ನು ಜನ ಮುಗಿಬಿದ್ದು ನೋಡಿದರು.

ಈಗ 2018ರ ‘ಕೆಜಿಎಫ್’ಗೆ ಬನ್ನಿ. ಅದರ ಛಾಯಾಗ್ರಹಣಕ್ಕೆ, ಸಂಕಲನದ ಬಿರುಸಿಗೆ ತಲೆದೂಗಿದವರಲ್ಲಿ ನಾನೂ ಒಬ್ಬ. ಆದರೆ ಗಣಿಗಿಳಿದ ಕ್ಯಾಮೆರಾಗೆ ಗಣಿಯ ಕಸುಬು ಬೇಕಾಗಲಿಲ್ಲ. ನಿಜವಾದ ಕೋಲಾರದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದ ಜನ, 2001ರಲ್ಲಿ ಗಣಿ ಮುಚ್ಚಿದಾಗ ಬರಿಗೈಯಲ್ಲಿ ನಿಂತರು. ಚಿತ್ರದಲ್ಲಿ ಬರುವ ಗಣಿ ನರಾಚಿ ಕಲ್ಪನೆಯ ಜಾಗ, ಒಪ್ಪಿದೆ. ಇತಿಹಾಸದ ಪಾಠ ಬೇಡ. ಆದರೆ ಅಲ್ಲಿನ ಕೂಲಿಗಳಿಗೆ ಚಿತ್ರ ಕೊಟ್ಟ ಮುಖ್ಯ ಕೆಲಸವೆಂದರೆ ನಾಯಕನಿಗಾಗಿ ಕಾಯುವುದು.

ಬಾನು ಮುಷ್ತಾಕ್ ಅವರ ಕಥೆಯಿಂದ ಗಿರೀಶ ಕಾಸರವಳ್ಳಿ 2004ರಲ್ಲಿ ಮಾಡಿದ ‘ಹಸೀನಾ’ದಲ್ಲಿ ಗಂಡ ಆಟೊ ಓಡಿಸುತ್ತಾನೆ. ಅವನು ಬಿಟ್ಟು ಹೋದರೆ ಒಲೆಯೂ ಆರುತ್ತದೆ. ಹೆಂಡತಿ ನ್ಯಾಯ ಕೇಳಲು ಜಮಾತಿನ ಮುಂದೆ ನಿಲ್ಲಲೇಬೇಕಾಗುತ್ತದೆ. ಕಥೆಯನ್ನು ಯಾರೂ ಹಿಂದಿನಿಂದ ತಳ್ಳಬೇಕಿಲ್ಲ. ಎಲ್ಲರೂ ‘ಹಸೀನಾ’ ಮಾಡಲಿ ಅನ್ನುತ್ತಿಲ್ಲ. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಕನ್ನಡ ಮೇಷ್ಟ್ರನ್ನು ಇಟ್ಟುಕೊಂಡೇ ರಾಜ್ ಬಿ. ಶೆಟ್ಟಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರಲ್ಲ!

ಮೊದಲ ದಿನ ಮೊದಲ ಆಟಕ್ಕೆ ಸೀಟಿ ಹೊಡೆಯುವ ಹುಡುಗ ಗ್ಯಾರೇಜಿನಿಂದಲೋ ಗಾರೆ ಕೆಲಸದಿಂದಲೋ ರಜೆ ಹಾಕಿ ಬಂದವನು. ಅವನ ಒಂದು ದಿನದ ದುಡಿಮೆ ಪರದೆಯ ಮೇಲೂ ಕಾಣಲಿ ಅನ್ನುವುದು ನಿರ್ಮಾಪಕರಿಗೆ ದುಬಾರಿ ಬೇಡಿಕೆಯೇನಲ್ಲ. ಒಂದು ಹೆಲಿಕಾಪ್ಟರ್ ಬಾಡಿಗೆಗಿಂತ ಅಗ್ಗ.