ಫ್ಯೂಸಿನ ಜಾಗದಲ್ಲೊಂದು ಬಲ್ಬು

ಜೋಯಿಡಾ, ದಾಂಡೇಲಿ ಕಡೆಯ ಮಳೆಗಾಲ ಹಳೇ ಜೀಪುಗಳಿಗೆ ಕಷ್ಟಕಾಲ. ವೈರಿನ ಜೋಡಣೆಗಳಿಗೆ ತೇವ ಇಳಿಯುತ್ತದೆ, ನಿಲ್ಲಿಸಿಟ್ಟ ಗಾಡಿಗೆ ಇಲಿ ಹೊಗುತ್ತದೆ. ಆಮೇಲೆ ಫ್ಯೂಸು ಹಾಕಿದಷ್ಟೂ ಹಾರುತ್ತದೆ. ದಪ್ಪ ಫ್ಯೂಸು ತುರುಕಿದರೆ ವೈರೇ ಹೊತ್ತಿಕೊಂಡೀತು.

ಬಲ್ಲ ಎಲೆಕ್ಟ್ರಿಷಿಯನ್ ಫ್ಯೂಸಿನ ಜಾಗಕ್ಕೆ 12 ವೋಲ್ಟಿನ, 21 ವ್ಯಾಟಿನ ಇಂಡಿಕೇಟರ್ ಬಲ್ಬು ಸಿಕ್ಕಿಸುತ್ತಾನೆ. ಗಾಡಿಯ ಕಬ್ಬಿಣದ ಮೈಯೇ ಕರೆಂಟು ಬ್ಯಾಟರಿಗೆ ಮರಳುವ ದಾರಿ. ಸುಲಿದ ವೈರು ಅದಕ್ಕೆ ತಾಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಹರಿಯುವುದು ಎರಡು ಆಂಪಿಯರಿಗೂ ಕಡಿಮೆ, ವೈರು ಸುಡುವ ಭಯವಿಲ್ಲ. ಎಂಥ ಜಾಣತನ! ಲೈಟು, ಹಾರ್ನು, ವೈಪರ್ ಒಂದೊಂದಾಗಿ ಬಿಚ್ಚುತ್ತಾ ಹೋಗುತ್ತಾನೆ. ಯಾವುದನ್ನು ಬಿಚ್ಚಿದಾಗ ಬಲ್ಬು ಆರಿತೋ, ಕಳ್ಳ ಆ ಕವಲಿನಲ್ಲಿ.

ನನಗೆ ಹೆಚ್ಚು ಇಷ್ಟ ಮುಂದಿನ ಹಂತ. ಕಣ್ಣು ಬಲ್ಬಿನ ಮೇಲೆ, ಬೆರಳು ವೈರಿನ ಕಟ್ಟಿನ ಮೇಲೆ. ಅಲುಗಿಸುತ್ತಾ ಸಾಗಿದರೆ ಎಲ್ಲೋ ಒಂದು ಕಡೆ ಬಲ್ಬು ಮಿಣುಕುತ್ತದೆ. ಎಷ್ಟೋ ಸಲ ಅದು ತಗಡಿನ ತೂತಿನಲ್ಲಿ ರಬ್ಬರ್ ಸವೆದ ಜಾಗ, ಇಲ್ಲವೇ ಹಿಂದಿನ ದೀಪದ ಬುಡ. (ಫಾಗ್ ಲ್ಯಾಂಪು, ಸ್ಟೀರಿಯೋ ಆಮೇಲೆ ಹಾಕಿಸಿದ್ದರೆ ಮೊದಲು ಅಲ್ಲೇ ನೋಡಬೇಕು.) ಕಂಪ್ಯೂಟರ್ ಇರುವ ಹೊಸ ಕಾರುಗಳಲ್ಲಿ ಈ ಆಟ ಅಪಾಯದ್ದು, ಅಲ್ಲಿಗೆ ಮೀಟರು, ಸ್ಕ್ಯಾನರು ಬೇಕು. ಹಳೇ ಮಹೀಂದ್ರಾ ಜೀಪು, ಅಂಬಾಸಿಡರುಗಳಿಗೆ ಇಷ್ಟು ಸಾಕು.