ನಾಗರಭಾವಿಯ ಮೇಷ್ಟ್ರು, ಕಂಬಾಲಪಲ್ಲಿಯ ಸಾಕ್ಷಿಗಳು

2019ರ ಮೇ 8ರಂದು ಎನ್.ಆರ್. ಮಾಧವ ಮೆನನ್ ತಿರುವನಂತಪುರದಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಭಾರತದ ಆಧುನಿಕ ಕಾನೂನು ಶಿಕ್ಷಣದ ಪಿತಾಮಹ ಎಂದು ಕರೆದವು. ಪಿತಾಮಹ ಅಂದ ಕೂಡಲೇ ನಮಗೊಂದು ಅನುಮಾನ ಬರುತ್ತದೆ. ಈ ದೇಶದಲ್ಲಿ ಪಿತಾಮಹರು ಕಟ್ಟಿದ ಮನೆಗಳೆಲ್ಲ ದೊಡ್ಡವೇ. ಜಗುಲಿಯಿಂದ ಈಚೆಗೇ ನಿಂತುಬಿಟ್ಟವರು ಎಷ್ಟು ಜನ ಅನ್ನೋದನ್ನು ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ. ಹಂಗಂತ ಮೆನನ್ ಅವರನ್ನು ಒಂದು ಬೈಗುಳದಲ್ಲಿ ಮುಗಿಸಿಬಿಡುವುದು ಸೋಮಾರಿಗಳ ಕೆಲಸ. ಹೆಸರಿನ ಬಾಲ ನೋಡಿ ಮನುಷ್ಯನನ್ನು ತೂಗುವವರು ಬೇರೆ ಇದ್ದಾರೆ, ಅದು ನಮ್ಮ ತಕ್ಕಡಿಯಲ್ಲ. ಅವರು ಕಟ್ಟಿದ ಶಾಲೆ ನಿಂತಿರುವುದು ನಮ್ಮ ನೆಲದಲ್ಲಿ, ನಮ್ಮ ಶಾಸನಸಭೆ ಮಾಡಿದ ಕಾಯಿದೆಯ ಬಲದಲ್ಲಿ. ಅದರ ಲೆಕ್ಕ ಕೇಳುವುದು ನಮ್ಮ ಹಕ್ಕು.

ಮೊದಲು ಅವರ ಬದುಕು ಎರಡು ಮಾತಿನಲ್ಲಿ. ಹುಟ್ಟಿದ್ದು 1935ರಲ್ಲಿ, ತಿರುವನಂತಪುರದಲ್ಲಿ. ಅಲೀಘಡದಲ್ಲಿ ಮೇಲಿನ ಓದು, ಅಲ್ಲೇ ಪಾಠ, ಆಮೇಲೆ ದೆಹಲಿ ವಿಶ್ವವಿದ್ಯಾಲಯ, ನಡುವೆ ಸ್ವಲ್ಪ ಕಾಲ ಪಾಂಡಿಚೇರಿಯ ಕಾನೂನು ಕಾಲೇಜಿನ ಪ್ರಿನ್ಸಿಪಾಲರು. 1986ರಿಂದ ಹನ್ನೆರಡು ವರ್ಷ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು. 1998ರಿಂದ ಕಲ್ಕತ್ತೆಯಲ್ಲಿ ಅಂಥದೇ ಇನ್ನೊಂದು ವಿಶ್ವವಿದ್ಯಾಲಯ, 2003ರಿಂದ ಭೋಪಾಲದಲ್ಲಿ ನ್ಯಾಯಾಧೀಶರಿಗೇ ಪಾಠ ಹೇಳುವ ರಾಷ್ಟ್ರೀಯ ಅಕಾಡೆಮಿ. 2003ರಲ್ಲಿ ಪದ್ಮಶ್ರೀ, ಸತ್ತ ಮೇಲೆ 2020ರಲ್ಲಿ ಪದ್ಮಭೂಷಣ. ಪ್ರಶಸ್ತಿಗಳ ವಿಷಯ ಇಲ್ಲಿಗೆ ಸಾಕು.

ನಮಗೆ ಮುಖ್ಯವಾದದ್ದು ಎಪ್ಪತ್ತರ ದಶಕದ ಮೆನನ್. ಆಗಿನ ಕಾನೂನು ಕಾಲೇಜು ಹೇಗಿತ್ತು ಅಂತ ಹಳೆಯ ವಕೀಲರನ್ನು ಕೇಳಿ ನೋಡಿ. ಬೇರೆ ಕೆಲಸ ಸಿಗದವರು ಹೋಗಿ ಸೇರುವ ಜಾಗ. ಹಾಜರಾತಿ ಯಾರೋ ಕೂಗುವುದು, ಮೇಷ್ಟ್ರು ಹಳದಿಯಾದ ನೋಟ್ಸು ಓದುವುದು, ಪರೀಕ್ಷೆ ಹತ್ತಿರ ಬಂದಾಗ ಗೈಡು ಕೊಳ್ಳುವುದು. ದೆಹಲಿಯಲ್ಲಿ ಮೆನನ್ ಮತ್ತು ಅವರ ಕೆಲವು ಸಹೋದ್ಯೋಗಿಗಳು ಬೇರೆ ಥರ ಯೋಚನೆ ಮಾಡಿದರು. ಕಾನೂನು ಓದುವ ಹುಡುಗರನ್ನು ಬಡವರ ಕೇಸಿನ ಹತ್ತಿರ ಕರೆದುಕೊಂಡು ಹೋದರೆ? ವೈದ್ಯ ವಿದ್ಯಾರ್ಥಿ ರೋಗಿಯ ಮಂಚದ ಪಕ್ಕ ನಿಂತು ಕಲಿಯುವ ಹಾಗೆ ಇವನೂ ಕಕ್ಷಿಗಾರನ ಪಕ್ಕ ಕೂತು ಕಲಿತರೆ? ಅಲ್ಲಿಂದ ಹುಟ್ಟಿದ್ದು ಕಾನೂನು ನೆರವಿನ ಕ್ಲಿನಿಕ್ಕು. ಅದು ಕೃಷ್ಣ ಅಯ್ಯರ್, ಭಗವತಿ ಅವರಂಥ ನ್ಯಾಯಮೂರ್ತಿಗಳು ಉಚಿತ ಕಾನೂನು ನೆರವಿನ ಬಗ್ಗೆ ವರದಿಗಳನ್ನು ಬರೆಯುತ್ತಿದ್ದ ಕಾಲ. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿದ ಕಾಲ. ಇತ್ತ ಕರ್ನಾಟಕದಲ್ಲಿ 1973ರ ಬೂಸಾ ಗಲಾಟೆಯಲ್ಲಿ ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದು, ಆ ಏಟಿನಿಂದಲೇ ಸಂಘಟನೆ ಕಟ್ಟಲು ಹೊರಟಿದ್ದರು. ಈ ಎರಡು ಗಾಳಿಗಳು ಒಂದೇ ಹೊತ್ತಿನಲ್ಲಿ ಬೀಸಿದವು. ಒಂದಕ್ಕೊಂದು ಎದುರಾದದ್ದು ಕಡಿಮೆ.

ಇನ್ನು ಬೆಂಗಳೂರಿನ ಶಾಲೆಗೆ ಬರೋಣ. ವಕೀಲರ ಪರಿಷತ್ತಿನ ಕನಸು, ರಾಜ್ಯ ಸರಕಾರದ ಬೆಂಬಲ, 1986ರ ಕಾಯಿದೆ. 1988ರಲ್ಲಿ ಮೊದಲ ತಂಡ ಪಾಠಕ್ಕೆ ಕೂತದ್ದು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಸ್ವಂತ ಕಟ್ಟಡ ನಾಗರಭಾವಿಯಲ್ಲಿ ಎದ್ದದ್ದು ಆಮೇಲೆ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರನ್ನು ತಂದು ಐದು ವರ್ಷ ಅಲ್ಲೇ ಇಟ್ಟುಕೊಂಡು, ಕಾನೂನಿನ ಜೊತೆ ಚರಿತ್ರೆ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಕಲಿಸುವುದು. ವರ್ಷಕ್ಕೆ ಮೂರು ಅವಧಿ. ಪ್ರತಿ ವಿಷಯಕ್ಕೂ ತಾನೇ ಹುಡುಕಿ ಬರೆದ ಪ್ರಬಂಧ, ಅದರ ಮೇಲೆ ಮೇಷ್ಟ್ರ ಎದುರು ಮೌಖಿಕ ಪರೀಕ್ಷೆ. ತರಗತಿಯಲ್ಲಿ ಮೇಷ್ಟ್ರು ಹೇಳುವುದಕ್ಕಿಂತ ಕೇಳುವುದು ಹೆಚ್ಚು. ಬಾಯಿಪಾಠದ ಬೆನ್ನು ಮುರಿದ ಕೆಲಸ ಇದು. ವೇದ ಬಾಯಿಪಾಠ ಮಾಡಿದವನೇ ವಿದ್ವಾಂಸ ಅಂತ ನಂಬಿದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಆದರೆ ಆ ತರಗತಿಯಲ್ಲಿ ಕೂತವರು ಯಾರು?

ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ. 2008ರಿಂದ ಹೆಚ್ಚಿನ ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಿ ಒಂದೇ ಪರೀಕ್ಷೆ ಬಂತು, ಅದೂ ಇಂಗ್ಲಿಷಿನಲ್ಲೇ. ಅದಕ್ಕೆ ತಯಾರು ಮಾಡುವ ಕೋಚಿಂಗ್ ಅಂಗಡಿಗಳು ಇರುವುದು ದೊಡ್ಡ ಊರುಗಳಲ್ಲಿ. ಶುಲ್ಕ ಈಗ ವರ್ಷಕ್ಕೆ ಲಕ್ಷಗಳ ಲೆಕ್ಕ. ಪರಿಶಿಷ್ಟರಿಗೆ ಮೀಸಲಾತಿ ಇದೆ, ನಿಜ. ಬಾಗಿಲಲ್ಲಿ ಒಂದು ಕಂಡಿ ಇದೆ. ಆ ಕಂಡಿಯಲ್ಲಿ ನುಸುಳಿ ಒಳಗೆ ಹೋದ ನಮ್ಮ ಹುಡುಗಿಯ ಗತಿ ಏನು? ಸರಕಾರಿ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಓದಿ ಬಂದವಳು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಉತ್ತರ ಅವಳಿಗೆ ಗೊತ್ತು. ಜಮೀನು ಅಂದರೇನು, ಸಾಲ ಅಂದರೇನು, ಪೊಲೀಸ್ ಠಾಣೆಯ ಮೆಟ್ಟಿಲು ಅಂದರೇನು ಅನ್ನೋದು ಪಕ್ಕದಲ್ಲಿ ಕೂತವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಪಕ್ಕದವನು ಕೈ ಎತ್ತಿ ಮಾತಾಡಿ ಕೂತಾಗಿರುತ್ತದೆ. ಪ್ರಶ್ನೆ ಕೇಳಿ ಕಲಿಸುವ ಪದ್ಧತಿ ಒಳ್ಳೆಯದೇ. ಆದರೆ ನಾಲಿಗೆ ಬಿಡಿಸಬೇಕಾದ ಆ ಪದ್ಧತಿ, ನುಡಿ ಕಸಿದುಕೊಂಡವರ ನಡುವೆ ನಾಲಿಗೆ ಕಟ್ಟುವ ಹಗ್ಗವೂ ಆಗುತ್ತದೆ.

ಇದು ನಮ್ಮ ಅಸೂಯೆಯ ಮಾತು ಅಂತ ಕೆಲವರು ಅನ್ನಬಹುದು. 2015-16ರಲ್ಲಿ ಆ ಶಾಲೆಯ ವಿದ್ಯಾರ್ಥಿಗಳೇ ತಮ್ಮ ಒಳಗಿನವರ ಸಮೀಕ್ಷೆ ಮಾಡಿದರು. ಮೇಲ್ಜಾತಿಯ, ಪಟ್ಟಣದ, ಇಂಗ್ಲಿಷ್ ಶಾಲೆಯ, ಕಾಸುಳ್ಳ ಮನೆಯ ಮಕ್ಕಳೇ ಅಲ್ಲಿ ಹೆಚ್ಚು ಅನ್ನೋದು ಅವರಿಗೇ ಕಂಡಿತು. ಆ ಹುಡುಗರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಇಂಥ ಕೆಲಸ ಮಾಡುವ ಧೈರ್ಯ ಅವರಿಗೆ ಬಂದದ್ದೂ ಮೆನನ್ ಕಟ್ಟಿದ ತರಗತಿಯಿಂದಲೇ ಇರಬೇಕು.

ಮೆನನ್ ತಮ್ಮ ಕೊನೆಯ ವರ್ಷಗಳಲ್ಲಿ ಒಂದು ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ತಾವು ತಯಾರು ಮಾಡಿದ ಪ್ರತಿಭಾವಂತರು ಕೋರ್ಟಿನ ಕಡೆಗೆ, ಬಡವರ ಕಡೆಗೆ ಹೋಗದೆ ಕಂಪೆನಿಗಳ ಕರಾರು ಬರೆಯಲು ಹೋದರು ಅನ್ನುವ ನೋವು. ಇಲ್ಲೇ ನಮ್ಮ ಜಗಳ. ಮೆನನ್ ಈ ತಪ್ಪನ್ನು ಐದನೇ ವರ್ಷದ ಕೊನೆಯಲ್ಲಿ, ಕೆಲಸ ಕೊಡುವವರು ಬಂದು ಸಾಲು ನಿಲ್ಲಿಸುವ ದಿನದಲ್ಲಿ ಕಂಡರು. ನಾವು ಅದನ್ನು ಮೊದಲ ದಿನದಲ್ಲಿ, ಪ್ರವೇಶದ ಬಾಗಿಲಲ್ಲೇ ಕಾಣುತ್ತೇವೆ. ಲಕ್ಷಾಂತರ ಸುರಿದು ಓದಿಸಿದ ಅಪ್ಪ ಮಗನನ್ನು ಚಿಂತಾಮಣಿ ಕೋರ್ಟಿನ ಹುಣಸೇಮರದ ಕೆಳಗೆ ಕೂರಿಸುತ್ತಾನೆಯೇ? ಕೂರಿಸಿದರೂ ಅಲ್ಲಿ ಬರುವ ಮುದುಕಿಯ ಮಾತು ಆ ಮಗನಿಗೆ ತಿಳಿಯುತ್ತದೆಯೇ? ಊರಿನಿಂದ ಬಂದವನಾದರೆ ಊರಿಗೆ ಹಿಂತಿರುಗುವ ದಾರಿಯಾದರೂ ಗೊತ್ತಿರುತ್ತದೆ. ಊರನ್ನೇ ನೋಡದವನನ್ನು ಐದು ವರ್ಷ ಸಾಣೆ ಹಿಡಿದು, ಆಮೇಲೆ ಊರಿಗೆ ಹೋಗಲಿಲ್ಲ ಅಂತ ಮರುಗಿದರೆ ಆ ಮರುಕಕ್ಕೆ ಅರ್ಥವಿಲ್ಲ.

ಚಿಂತಾಮಣಿಯ ಹೆಸರು ಸುಮ್ಮನೆ ಬಂದದ್ದಲ್ಲ. ಆ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ನಾಗರಭಾವಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವಷ್ಟು ದೂರ. ಆ ಹೊತ್ತಿಗೆ ಶಾಲೆಯಲ್ಲಿ ಪಾಠ ಶುರುವಾಗಿ ಹನ್ನೆರಡು ವರ್ಷವಾಗುತ್ತ ಬಂದಿತ್ತು. ಕೇಸು ನಡೆಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಬೂದಿಯಾದರು, ಕಾನೂನಿನ ಪ್ರಕಾರ ಸುಟ್ಟವರು ಯಾರೂ ಇಲ್ಲ.

ಸಾಕ್ಷಿ ಯಾಕೆ ತಿರುಗುತ್ತಾನೆ? ಕೋರ್ಟಿನ ಭಾಷೆಯಲ್ಲಿ ಅವನು ಪ್ರತಿಕೂಲ ಸಾಕ್ಷಿ. ನಮ್ಮ ಭಾಷೆಯಲ್ಲಿ ಅವನು ಅದೇ ಊರಿನಲ್ಲಿ, ಅದೇ ಗೌಡನ ಹೊಲದಲ್ಲಿ ನಾಳೆ ಬೆಳಿಗ್ಗೆ ಕೂಲಿಗೆ ಹೋಗಬೇಕಾದವನು. ಅವನ ಜೊತೆ ವರ್ಷಗಟ್ಟಲೆ ನಿಲ್ಲುವ ವಕೀಲ ಬೇಕು. 1995ರ ದೌರ್ಜನ್ಯ ತಡೆ ನಿಯಮಗಳಲ್ಲಿ ನಾಲ್ಕನೇ ನಿಯಮ ಇದೆ: ನೊಂದವರು ಬಯಸಿದರೆ ಅವರಿಗಾಗಿ ಹಿರಿಯ ವಕೀಲರನ್ನು ಜಿಲ್ಲಾ ದಂಡಾಧಿಕಾರಿ ನೇಮಿಸಬಹುದು. ಅದನ್ನು ಆ ಊರಿನ ಹೆಣ್ಣುಮಗಳಿಗೆ ಓದಿ ಹೇಳುವವರು ಯಾರು? 2015ರ ತಿದ್ದುಪಡಿಯಲ್ಲಿ ನೊಂದವರ ಮತ್ತು ಸಾಕ್ಷಿಗಳ ಹಕ್ಕುಗಳ ಮೇಲೆ ಒಂದು ಅಧ್ಯಾಯವೇ ಸೇರಿದೆ, 15ಎ ಕಲಮು. ನಮ್ಮ ಓದುಗರಲ್ಲಿ ಮೇಷ್ಟ್ರುಗಳು ಬಹಳ ಜನ. ಈ ಕಲಮನ್ನು ತಂದು ಒಂದು ಸಲ ಕೇರಿಯಲ್ಲಿ ಓದಿ ಹೇಳಿ ಅಂತ ಅವರಲ್ಲಿ ನಮ್ಮ ಕೋರಿಕೆ. ಮೆನನ್ ಅವರ ಕ್ಲಿನಿಕ್ಕು ಅನ್ನೋದು ನಿಜವಾಗಿ ಹುಟ್ಟಬೇಕಾದದ್ದು ಅಲ್ಲೇ.

ಮೆನನ್ ಬರೀ ಮೇಷ್ಟ್ರಾಗಿ ಉಳಿಯಲಿಲ್ಲ, ಸರಕಾರದ ಸಮಿತಿಗಳಲ್ಲೂ ಕೂತರು. ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಅಧ್ಯಕ್ಷತೆಯಲ್ಲಿ 2000ದಲ್ಲಿ ಕ್ರಿಮಿನಲ್ ನ್ಯಾಯದ ಸುಧಾರಣೆಗೆ ಒಂದು ಸಮಿತಿ ಆಯಿತು, ಮೆನನ್ ಅದರ ಸದಸ್ಯರು. 2003ರ ವರದಿಯಲ್ಲಿ ಸಾಕ್ಷಿಗಳ ರಕ್ಷಣೆಗೆ ಕಾನೂನು ಬೇಕು ಅನ್ನುವ ಮಾತಿದೆ, ಕೇಸಿನಲ್ಲಿ ನೊಂದವರಿಗೂ ಪಾಲು ಬೇಕು ಅನ್ನುವುದಿದೆ. ಕಂಬಾಲಪಲ್ಲಿಯನ್ನು ನೆನೆದರೆ ಇವು ನಮಗೆ ಬೇಕಾದವೇ. ಆದರೆ ಅದೇ ವರದಿ ದೊಡ್ಡ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟು ಒಪ್ಪಬಹುದು ಎಂದಿತು. ಆರೋಪಿಯ ಮೌನವನ್ನು ಅವನ ವಿರುದ್ಧ ಎಣಿಸಬಹುದು ಎಂದಿತು. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಆಗಬೇಕೆನ್ನುವ ಅಳತೆಯನ್ನು ಇಳಿಸಬಹುದು ಎಂದಿತು. ಶಿಕ್ಷೆ ಸುಲಭವಾದರೆ ನಮ್ಮನ್ನು ಸುಟ್ಟವರಿಗೂ ಶಿಕ್ಷೆಯಾಗುತ್ತದಲ್ಲ ಅಂತ ನಮ್ಮ ಗೆಳೆಯರಲ್ಲೇ ಕೆಲವರು ವಾದ ಮಾಡ್ತಾರೆ. ಸ್ವಾಮಿ, ಠಾಣೆಯಲ್ಲಿ ಕಂಬಕ್ಕೆ ಕಟ್ಟಿ ಹೊಡೆಸಿಕೊಂಡು ಒಪ್ಪಿಗೆ ಬರೆದುಕೊಡುವವರು ಯಾರು? ಗೌಡರ ಮಕ್ಕಳೇ? ಊರಲ್ಲಿ ಕಳ್ಳತನವಾದರೆ ಮೊದಲು ಎಳೆದುಕೊಂಡು ಹೋಗುವುದು ಯಾವ ಕೇರಿಯಿಂದ? ಬಡವರ ಕೇಸಿನ ಪಕ್ಕ ಕೂತು ಕಲಿಯಿರಿ ಅಂತ ಹೇಳಿದ ಮೇಷ್ಟ್ರು ಈ ಶಿಫಾರಸಿಗೆ ಜೊತೆಯಾದದ್ದು ನಮಗೆ ಇವತ್ತಿಗೂ ನುಂಗಲಾರದ ತುತ್ತು.

ಇದರ ಎದುರಿಗೆ ಇನ್ನೊಂದನ್ನೂ ಇಡಬೇಕು. 2008ರಲ್ಲಿ ಸಮಾನ ಅವಕಾಶಗಳ ಆಯೋಗ ಒಂದು ಬೇಕೆಂದು ವರದಿ ಕೊಟ್ಟ ತಜ್ಞರ ತಂಡಕ್ಕೆ ಮೆನನ್ನರೇ ಅಧ್ಯಕ್ಷರು. ಕೆಲಸ, ಓದು, ಬಾಡಿಗೆ ಮನೆ ಇಂಥ ಕಡೆ ಜಾತಿ ಧರ್ಮ ನೋಡಿ ಬಾಗಿಲು ಹಾಕುವವರನ್ನು ಪ್ರಶ್ನಿಸುವ ಆಯೋಗ. ಅದು ಬರಲೇ ಇಲ್ಲ. ಅವರು ಕಟ್ಟಿದ ಶಾಲೆಯ ಹೆಸರು ಹೇಳುವ ಹತ್ತು ಜನರಲ್ಲಿ ಒಬ್ಬರಾದರೂ ಈ ವರದಿಯ ಹೆಸರು ಹೇಳುವುದಿಲ್ಲ.

ಕಾನೂನು ಕಾಲೇಜಿನ ಮುಖ್ಯಸ್ಥರು ಅಂದಾಗ ನಮಗೆ ಮೊದಲು ನೆನಪಾಗುವುದು ಇನ್ನೊಬ್ಬರು. 1935ರಲ್ಲಿ ಬಾಬಾಸಾಹೇಬರು ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲರಾದರು. 1936ರಲ್ಲಿ ಆ ಕಾಲೇಜಿನ ಪತ್ರಿಕೆಯಲ್ಲೇ ಕಾನೂನು ಶಿಕ್ಷಣದ ಸುಧಾರಣೆಯ ಬಗ್ಗೆ ಬರೆದರು. ಹಿಂದೂವಾಗಿ ಸಾಯುವುದಿಲ್ಲ ಅಂತ ಯೇವಲೆಯಲ್ಲಿ ಸಾರಿದ್ದು 1935ರಲ್ಲಿ, ಜಾತಿವಿನಾಶದ ಪುಸ್ತಕ ಹೊರಬಂದದ್ದು 1936ರಲ್ಲಿ, ಅದೇ ಕುರ್ಚಿಯಲ್ಲಿ ಕೂತಿದ್ದಾಗ. ಪಾಠ ಒಂದು ಕಡೆ, ಹೋರಾಟ ಒಂದು ಕಡೆ ಅಂತ ಅವರು ಭಾಗ ಮಾಡಲಿಲ್ಲ. ಮುಂದೆ 1945ರಲ್ಲಿ ಜನತಾ ಶಿಕ್ಷಣ ಸಂಸ್ಥೆ ಕಟ್ಟಿ, 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಅಲ್ಲಿ ಬೆಳಗಿನ ಜಾವದ ತರಗತಿಗಳನ್ನು ಇಟ್ಟರು. ಯಾಕೆ? ಹತ್ತು ಗಂಟೆಗೆ ಕಚೇರಿಗೆ ಹೋಗಿ ದುಡಿಯಬೇಕಾದವನೂ ಓದಲಿ ಅಂತ. ವಿದ್ಯಾರ್ಥಿಯ ಗಡಿಯಾರ ನೋಡಿ ಕಾಲೇಜಿನ ಗಂಟೆ ಹೊಡೆಸಿದರು. ಮೆನನ್ ಅವರ ಶಾಲೆಯ ಗಂಟೆ ಐದು ವರ್ಷ ದುಡಿಯದೆ ಕೂತು ಓದಬಲ್ಲವನಿಗಾಗಿ ಹೊಡೆಯಿತು. ನಮ್ಮ ನಾಡಿನ ತಾಲ್ಲೂಕುಗಳಲ್ಲಿ ದಲಿತರ ಕೇಸು ಹಿಡಿದ ಎಷ್ಟೋ ವಕೀಲರು ಹಗಲು ಗುಮಾಸ್ತಿಕೆ, ಮೇಷ್ಟ್ರಿಕೆ ಮಾಡಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವರು. ವಕೀಲರ ಪರಿಷತ್ತಿನ 2008ರ ನಿಯಮಗಳು ಸಂಜೆ ಏಳರ ಮೇಲೆ ಪಾಠ ಬೇಡ ಅಂದವು. ಅದು ಮೆನನ್ನರ ನಿಯಮವಲ್ಲ. ಆದರೆ ಒಳ್ಳೆಯ ಕಾನೂನು ಶಿಕ್ಷಣ ಅಂದರೆ ಹಗಲಿಡೀ ಬಿಡುವಿದ್ದವನ ಶಿಕ್ಷಣ ಅನ್ನುವ ಮಾದರಿ ಅವರ ಶಾಲೆಯಿಂದ ಬೇರೂರಿತು.

2020ರಲ್ಲಿ ನಮ್ಮ ಶಾಸನಸಭೆ ಆ ಶಾಲೆಯ ಸೀಟುಗಳಲ್ಲಿ ನೂರಕ್ಕೆ 25 ಕರ್ನಾಟಕದ ವಿದ್ಯಾರ್ಥಿಗಳಿಗೆ ಇರಬೇಕೆಂದು ತಿದ್ದುಪಡಿ ಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಮುಂದೆ ಶಾಲೆಯೇ ತನ್ನ ಯೋಜನೆಯಲ್ಲಿ ಅಷ್ಟು ಪಾಲು ಇಟ್ಟುಕೊಂಡಿತು. ಕನ್ನಡಿಗರಿಗೆ ಗೆಲುವು ಅಂತ ಕೆಲವರು ಕುಣಿದರು. ಆ ತಿದ್ದುಪಡಿಯಲ್ಲಿ ಕರ್ನಾಟಕದ ವಿದ್ಯಾರ್ಥಿ ಅಂದರೆ ಇಲ್ಲಿನ ಶಾಲೆಗಳಲ್ಲಿ ಹತ್ತು ವರ್ಷ ಓದಿದವನು, ಅಷ್ಟೇ. ಬೆಂಗಳೂರಿನ ದುಬಾರಿ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಕೋಟ್ಯಧೀಶನ ಮಗನೂ ಕರ್ನಾಟಕದವನೇ, ಗಂಗಾವತಿಯ ಸರಕಾರಿ ಶಾಲೆಯ ಕೂಲಿಕಾರಳ ಮಗಳೂ ಕರ್ನಾಟಕದವಳೇ. ಪರೀಕ್ಷೆಯ ಭಾಷೆ ಒಂದೇ. ಯಾರಿಗೆ ಸೀಟು ಸಿಗುತ್ತದೆ ಅಂತ ನೀವೇ ಹೇಳಿ.

ಗಂಗಾವತಿ ಅಂದದ್ದಕ್ಕೂ ಕಾರಣವಿದೆ. ಆ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಕೇರಿಯ ಮೇಲೆ ದಾಳಿ ಮಾಡಿದವರಲ್ಲಿ 98 ಜನಕ್ಕೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಹತ್ತು ವರ್ಷದ ಕಾಯುವಿಕೆ. ಮರುತಿಂಗಳೇ ಹೈಕೋರ್ಟಿನಲ್ಲಿ ಅವರಲ್ಲಿ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿತು. ಜಿಲ್ಲಾ ಕೋರ್ಟಿನಲ್ಲಿ ಗೆದ್ದ ಕೇಸನ್ನು ಮೇಲಿನ ಕೋರ್ಟಿನಲ್ಲಿ ಉಳಿಸಿಕೊಳ್ಳಲು ಕಾನೂನನ್ನು ಅರೆದು ಕುಡಿದವರು ಬೇಕು, ಇಂಗ್ಲಿಷ್ ಬಲ್ಲವರೂ ಬೇಕು. ನಾಗರಭಾವಿಯಲ್ಲಿ ಓದಿದ ನಮ್ಮ ಹುಡುಗ ಹುಡುಗಿಯರು ಕಡಿಮೆ ಇರಬಹುದು, ಇಲ್ಲದೇ ಇಲ್ಲ. ಅವರನ್ನು ಹುಡುಕಿ ಮರಕುಂಬಿಯವರ ಜೊತೆ ಕೂರಿಸುವ ಕೆಲಸವನ್ನು ಸಂಘಟನೆಗಳು ಇನ್ನಾದರೂ ಹಿಡಿಯಬೇಕು.

ಇನ್ನು ಮೆನನ್ 1998ರಲ್ಲಿ ಹೊರತಂದ ಕ್ಲಿನಿಕಲ್ ಕಾನೂನು ಶಿಕ್ಷಣದ ಕೈಪಿಡಿ. ಕಕ್ಷಿಗಾರನ ಜೊತೆ ಕೂತು ಮಾತಾಡುವುದು, ಅವನ ಕಷ್ಟವನ್ನು ಕೇಸಾಗಿ ಕಟ್ಟುವುದು, ಕೋರ್ಟಿನಲ್ಲಿ ವಾದ ಮಾಡುವುದು, ಇವನ್ನೆಲ್ಲ ಕಲಿಸಿಕೊಡುವ ವಿದ್ಯೆ ಅದು. ಅದು ಬೇಕಾಗಿರುವುದು ಚಾಮರಾಜನಗರದಲ್ಲಿ, ಯಾದಗಿರಿಯಲ್ಲಿ, ಕನ್ನಡದಲ್ಲಿ. ಆ ಕೆಲಸಕ್ಕೆ ಕೈಹಾಕುವ ಕಾನೂನು ಮೇಷ್ಟ್ರು ನಮ್ಮ ಓದುಗರಲ್ಲಿ ಇದ್ದರೆ ಪತ್ರಿಕೆಗೆ ಬರೆಯಲಿ. ಅಧ್ಯಾಯ ತಯಾರಾದ ಹಾಗೆ ಅಚ್ಚು ಹಾಕುವುದು ನಮ್ಮ ಪಾಲಿಗಿರಲಿ.