ಮಾಂಡವ್ಯನ ಶಾಪ: ಬಾಲಾಪರಾಧವನ್ನು ಕುರಿತು ಒಂದು ವಿಚಾರ

ಆದಿಪರ್ವದ ಅಣಿಮಾಂಡವ್ಯೋಪಾಖ್ಯಾನವನ್ನು ವಿದುರನ ಜನ್ಮಕ್ಕೆ ಕಾರಣ ಹೇಳುವ ಕಥೆಯೆಂದಷ್ಟೇ ಓದುವುದು ರೂಢಿ. ಈ ಓದು ಕಥೆಯ ತಿರುಳನ್ನು ಮುಟ್ಟುವುದಿಲ್ಲವೆಂದು ನನ್ನ ಭಾವನೆ.

ಮೌನವ್ರತದಲ್ಲಿದ್ದ ಮುನಿಯನ್ನು ಕಳ್ಳನೆಂದು ಬಗೆದು ಅರಸನ ಆಜ್ಞೆಯಂತೆ ಭಟರು ಶೂಲಕ್ಕೇರಿಸಿದರು. ನಿಜವನ್ನರಿತ ಅರಸನು ಬೇಡಿಕೊಂಡಾಗ ಮುನಿಯು ಪ್ರಸನ್ನನಾದನು. ಎಳವೆಯಲ್ಲಿ ಹುಳುಗಳಿಗೆ ಕಡ್ಡಿ ಚುಚ್ಚಿದ್ದರ ಫಲವಿದೆಂದ ಧರ್ಮದೇವತೆಯನ್ನು ಮಾತ್ರ ಕ್ಷಮಿಸಲಿಲ್ಲ. ಶೂದ್ರಯೋನಿಯಲ್ಲಿ ಜನಿಸೆಂದು ಶಪಿಸಿ, 14 ವರ್ಷದವರೆಗೆ ಮಾಡಿದ್ದು ಪಾತಕವಲ್ಲವೆಂದು ಮೇರೆ ಹಾಕಿದನು. ಅರಿಯದೆ ತಪ್ಪಿದವನಿಗೆ ಕ್ಷಮೆ, ಅರಿತೂ ಅಳತೆಗೆಟ್ಟು ದಂಡಿಸಿದವನಿಗೆ ಶಾಪ: ಕಥೆಯ ನ್ಯಾಯವಿರುವುದು ಈ ಭೇದದಲ್ಲಿ. ಹುಟ್ಟನ್ನೇ ದಂಡವೆಂದೆಣಿಸುವಲ್ಲಿ ಮಾತ್ರ ಅದು ತನ್ನ ಕಾಲದ ಕುರುಡನ್ನು ಮೀರಲಿಲ್ಲ.

1860ರ ದಂಡಸಂಹಿತೆಯು 7 ವರ್ಷದೊಳಗಿನ ಮಗುವನ್ನು ಪೂರ್ತಿಯಾಗಿ ಬಿಟ್ಟಿತು. 7ರಿಂದ 12ರೊಳಗಿನವರಿಗೆ ಕೃತ್ಯದ ಸ್ವರೂಪ, ಪರಿಣಾಮಗಳನ್ನು ತೂಗಿ ನೋಡುವಷ್ಟು ಬುದ್ಧಿ ಬಲಿತಿತ್ತೇ ಎಂದು ಕೇಳಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಇಂಗ್ಲೆಂಡಾದರೋ, 10ರಿಂದ 14ರೊಳಗಿನವರಿಗೆ ಕೇಡಿನ ಅರಿವಿಲ್ಲವೆಂದು ಮೊದಲೇ ಭಾವಿಸಿಕೊಳ್ಳುವ ಹಳೆಯ ನಿಯಮವನ್ನು 1998ರಲ್ಲಿ ತೆಗೆದುಹಾಕಿತು. ನಮ್ಮಲ್ಲಿಯೂ 2015ರ ಬಾಲನ್ಯಾಯ ಕಾಯಿದೆಯು, ಘೋರಾಪರಾಧವಾದಲ್ಲಿ, 16ರಿಂದ 18ರೊಳಗಿನವರನ್ನು ಪ್ರಾಥಮಿಕ ಪರಿಶೀಲನೆಯ ಬಳಿಕ ವಯಸ್ಕರಂತೆ ವಿಚಾರಿಸಲು ಎಡೆಗೊಟ್ಟಿತು.

ಸತ್ತವರ ಬಂಧುಗಳ ದುಃಖವು ಕೊಂದವನ ವಯಸ್ಸನ್ನು ನೋಡಿ ಕಡಿಮೆಯಾಗದು, ನಿಜ. ಆದರೆ ಕೃತ್ಯವು ಘೋರವಾಯಿತೆಂದು ಎಳೆಯನ ಅರಿವು ಬಲಿತಂತಾಗುವುದಿಲ್ಲ. ಮೇರೆ ಎಲ್ಲಿರಬೇಕೆಂಬುದು ಚರ್ಚೆಗೆ ಬಿಟ್ಟದ್ದು. ದಂಡಧರನೂ ವಿಚಾರಣೆಗೆ ಒಳಪಟ್ಟವನೆಂಬುದು ಮಾಂಡವ್ಯನ ತೀರ್ಪು.